ಕೂತ ಮಾತ್ರಕ್ಕೆ ಹೊಂದಿತೆಂದಲ್ಲ

(ಮೊದಲ ಸಲ ಸ್ವಂತ ಡೆಸ್ಕ್‌ಟಾಪ್ ಜೋಡಿಸಲು ಹೊರಟವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಂದು ಕೇಬಲ್ಲಿನ ಕಥೆಯಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಅಕ್ಕನ ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬ, ಕೆಟ್ಟಿತು. ಹೊಸದು ತಂದೆ. ಹಳೆಯದು, ಹೊಸದು ಎರಡೂ ಮಾಡ್ಯುಲರ್, ಅಂದರೆ ಕೇಬಲ್‌ಗಳನ್ನು ಡಬ್ಬದಿಂದ ಬಿಚ್ಚಿ ಮತ್ತೆ ಸಿಕ್ಕಿಸಬಹುದಾದ ಬಗೆ. ಕ್ಯಾಬಿನೆಟ್ ಒಳಗೆ ಹಳೆಯ ಕೇಬಲ್‌ಗಳನ್ನು ಅಚ್ಚುಕಟ್ಟಾಗಿ ಕಟ್ಟಿದ್ದೆ. ಅವನ್ನೆಲ್ಲ ಯಾಕೆ ಬಿಚ್ಚಬೇಕು ಎಂದು ಹಳೆಯ ಕೇಬಲ್ಲನ್ನೇ ಹೊಸ ಎಸ್‌ಎಂಪಿಎಸ್‌ಗೆ ಸಿಕ್ಕಿಸಿದೆ. ಟಕ್ ಎಂದು ಕೂತಿತು. ಸ್ವಿಚ್ ಒತ್ತಿದೆ. ಸುಟ್ಟ ವಾಸನೆ ಬಂತು. ಹಾರ್ಡ್ ಡಿಸ್ಕ್ ಹೋಗಿತ್ತು. ಅಕ್ಕನ ಮಗಳ ಮೊದಲ ಐದು ವರ್ಷದ ಫೋಟೋಗಳು ಅದರಲ್ಲಿದ್ದವು. ಅಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಏನಾಗಿತ್ತು ಅಂದರೆ, ಆ ಕೇಬಲ್ಲಿನ ಒಂದು ತುದಿ ಹಾರ್ಡ್ ಡಿಸ್ಕ್‌ಗೆ ಹೋಗುತ್ತದೆ. ಆ ತುದಿಯಲ್ಲಿ ಯಾವ ಪಿನ್ನಿಗೆ ಎಷ್ಟು ವೋಲ್ಟ್ ಎಂದು ಎಲ್ಲ ಕಂಪನಿಗಳೂ ಒಪ್ಪಿಕೊಂಡಿವೆ. ಇನ್ನೊಂದು ತುದಿ ಎಸ್‌ಎಂಪಿಎಸ್ ಡಬ್ಬಕ್ಕೆ ಹೋಗುತ್ತದೆ. ಅಲ್ಲಿ ಅಂಥ ಒಪ್ಪಂದ ಇಲ್ಲ. ಒಬ್ಬರು 12 ವೋಲ್ಟ್ ಕೊಡುವ ಜಾಗದಲ್ಲಿ ಇನ್ನೊಬ್ಬರು 5 ವೋಲ್ಟ್ ಕೊಡುತ್ತಾರೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಬೇರೆ ಇರಬಹುದು. ಪ್ಲಗ್ಗಿನ ಆಕಾರ ಮಾತ್ರ ಒಂದೇ. 5 ವೋಲ್ಟ್ ಬರಬೇಕಾದ ತಂತಿಯಲ್ಲಿ 12 ವೋಲ್ಟ್ ಬಂತು, ಡಿಸ್ಕ್ ಸತ್ತಿತು.

ಆಮೇಲೆ ಬಿಡಿಭಾಗ ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆಯೇ ಬದಲಾಯಿತು. ಇದು ಅದಕ್ಕೆ ಕೂರುತ್ತದಾ ಎಂದು ಮೊದಲು ಕೇಳುತ್ತಿದ್ದೆ. ಈಗ, ಈ ಜಾಗದಲ್ಲಿ ಕಂಪನಿಗಳ ನಡುವೆ ಒಪ್ಪಂದ ಇದೆಯಾ ಎಂದು ಕೇಳುತ್ತೇನೆ. ಒಪ್ಪಂದ ಇದ್ದ ಕಡೆ ನೆಮ್ಮದಿಯಾಗಿ ಇರಬಹುದು. ಇಲ್ಲದ ಕಡೆ ಮ್ಯಾನುವಲ್ ತೆಗೆದು ಓದಲೇಬೇಕು.

ನಾವು ಮನೆಯಲ್ಲಿ ಕೂತು ಕಂಪ್ಯೂಟರ್ ಜೋಡಿಸಲು ಆಗುವುದೇ ಇಂಥ ಒಪ್ಪಂದಗಳ ದಯೆಯಿಂದ. 1981ರಲ್ಲಿ ಐಬಿಎಂ ತನ್ನ ಪಿಸಿ ತಂದಾಗ ಅದರ ಒಳಗಿನ ವಿವರಗಳನ್ನು ಪುಸ್ತಕವಾಗಿಯೇ ಕೊಟ್ಟಿತು. ಬೇರೆಯವರು ಅದಕ್ಕೆ ಕಾರ್ಡ್ ಮಾಡಿದರು, ಆಮೇಲೆ ಅದರಂಥದೇ ಕಂಪ್ಯೂಟರ್ ಮಾಡಿದರು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ತಂದಿತು. ಎಲ್ಲ ಭಾಗಗಳೂ ಬಂದು ಕೂರುವ ಹಲಗೆಯಾದ ಮದರ್‌ಬೋರ್ಡಿನ ಉದ್ದಗಲ, ಸ್ಕ್ರೂ ತೂತುಗಳ ಜಾಗ, ಎಸ್‌ಎಂಪಿಎಸ್ ಹೇಗಿರಬೇಕು, ಎಲ್ಲ ಅದರಲ್ಲಿವೆ. ಅಷ್ಟು ವರ್ಷದ ಹಿಂದಿನ ಎಟಿಎಕ್ಸ್ ಕ್ಯಾಬಿನೆಟ್ಟಿನಲ್ಲಿ ಇವತ್ತಿನ ಎಟಿಎಕ್ಸ್ ಬೋರ್ಡ್ ಸ್ಕ್ರೂ ಹಾಕಿ ಕೂರಿಸಬಹುದು. ಯೋಚಿಸಿದರೆ ದೊಡ್ಡ ವಿಷಯ ಅಲ್ವಾ?

ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್ಪು ಪ್ರೊಸೆಸರ್. ಅದು ಬೋರ್ಡಿನಲ್ಲಿ ಕೂರುವ ಸಾಕೆಟ್‌ಗೆ ಬಂದರೆ ಕಥೆ ಬೇರೆ. ಇಲ್ಲಿ ಇಂಟೆಲ್ ದಾರಿ ಇಂಟೆಲ್‌ಗೆ, ಎಎಂಡಿ ದಾರಿ ಎಎಂಡಿಗೆ. ಯಾವಾಗ ಬದಲಿಸಬೇಕು ಎನ್ನುವುದೂ ಅವರದೇ ತೀರ್ಮಾನ. ಇಂಟೆಲ್ 12, 13, 14ನೇ ತಲೆಮಾರಿಗೆ ಎಲ್‌ಜಿಎ 1700 ಸಾಕೆಟ್. ಅದರ ನಂತರದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851. ಎಎಂಡಿಯಲ್ಲಿ 2017ರಿಂದ ರೈಜೆನ್ ಹೆಸರಿನ ಪ್ರೊಸೆಸರ್‌ಗಳು ಎಎಂ4 ಸಾಕೆಟ್ಟಿನಲ್ಲಿ ಬಂದವು, 2022ರಿಂದ ಎಎಂ5. ಹೆಸರು ಬೇರೆ ಇದ್ದರೆ ತೊಂದರೆಯೇನಿಲ್ಲ, ಆರಿಸುವಾಗಲೇ ಗೊತ್ತಾಗುತ್ತದೆ. ಹೆಸರೂ ಒಂದೇ, ಪಿನ್ನುಗಳ ಲೆಕ್ಕವೂ ಒಂದೇ ಇದ್ದಾಗಲೇ ಮೋಸ ಹೋಗುವುದು.

ಎಲ್‌ಜಿಎ 1151 ನೋಡಿ. ಇಂಟೆಲ್‌ನ 6 ಮತ್ತು 7ನೇ ತಲೆಮಾರಿನ ಪ್ರೊಸೆಸರ್‌ಗಳು ಇದರಲ್ಲಿ ಕೂರುತ್ತಿದ್ದವು. 2017ರ ಕೊನೆಯಲ್ಲಿ ಬಂದ 8ನೇ ತಲೆಮಾರೂ ಎಲ್‌ಜಿಎ 1151 ಅಂತಲೇ ಬಂತು. ಹಳೆಯ ಬೋರ್ಡಿನಲ್ಲಿ ಇಟ್ಟರೆ ಆರಾಮವಾಗಿ ಕೂರುತ್ತದೆ. ಆದರೆ ನಡೆಯುವುದಿಲ್ಲ. ಅದಕ್ಕೆ 300 ಸರಣಿಯ ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಬೋರ್ಡಿನ ಚಿಪ್ಪು) ಇರುವ ಬೋರ್ಡೇ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇವತ್ತಿಗೂ ಇಲ್ಲಿ ಎಡವುತ್ತಾರೆ. ಸಾಕೆಟ್ ಒಂದೇ ಎಂದು ಕೊಂಡು, ಮನೆಗೆ ಬಂದು, ಕಪ್ಪು ಪರದೆ ನೋಡಿಕೊಂಡು ಕೂರುತ್ತಾರೆ. ಹಾಗಾಗಿ ಸಾಕೆಟ್ ಹೆಸರಿನ ಜೊತೆ ಚಿಪ್‌ಸೆಟ್ ಹೆಸರನ್ನೂ ನೋಡಬೇಕು.

ಎರಡೂ ಸರಿ ಇದೆ ಎಂದುಕೊಳ್ಳಿ. ಇನ್ನೊಂದು ವಿಷಯ ಉಳಿಯುತ್ತದೆ, ಬಯಾಸ್. ನನ್ನ ಅನುಭವದಲ್ಲಿ ಮೊದಲ ಸಲ ಜೋಡಿಸುವವರನ್ನು ಅತಿ ಜಾಸ್ತಿ ಹೆದರಿಸುವುದು ಇದೇ. ಮದರ್‌ಬೋರ್ಡಿನ ಮೇಲಿನ ಒಂದು ಚಿಕ್ಕ ಚಿಪ್ಪಿನಲ್ಲಿ ಇರುವ ಪ್ರೋಗ್ರಾಮು ಅದು. ಕರೆಂಟ್ ಬಂದ ತಕ್ಷಣ ಎದುರಿಗಿರುವ ಪ್ರೊಸೆಸರ್ ಯಾವುದು ಎಂದು ಗುರುತು ಹಿಡಿಯುವುದು ಅದರ ಕೆಲಸ. ಬೋರ್ಡ್ ಫ್ಯಾಕ್ಟರಿಯಿಂದ ಹೊರಟ ಮೇಲೆ ಹುಟ್ಟಿದ ಪ್ರೊಸೆಸರಿನ ಪರಿಚಯ ಅದಕ್ಕೆ ಎಲ್ಲಿಂದ ಬರಬೇಕು? ಎಎಂ4 ಸಾಕೆಟ್ಟಿನ ಬಿ450 ಚಿಪ್‌ಸೆಟ್ ಬೋರ್ಡುಗಳು ಬಂದದ್ದು 2018ರಲ್ಲಿ. ರೈಜೆನ್ 5000 ಬಂದದ್ದು 2020ರ ನವೆಂಬರಿನಲ್ಲಿ. ಬಯಾಸ್ ಅಪ್‌ಡೇಟ್ ಮಾಡಿದರೆ ಎರಡೂ ಚೆನ್ನಾಗಿ ಹೊಂದುತ್ತವೆ. ಮಾಡದಿದ್ದರೆ ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ಅಪ್‌ಡೇಟ್ ಮಾಡೋಣ ಅಂದರೆ ಕಂಪ್ಯೂಟರ್ ಆನ್ ಆಗಬೇಕು. ಆನ್ ಆಗಬೇಕಾದರೆ ಅಪ್‌ಡೇಟ್ ಆಗಿರಬೇಕು.

ಇದಕ್ಕೆ ಪರಿಹಾರ ಇದೆ. ಅನೇಕ ಬೋರ್ಡುಗಳ ಹಿಂಭಾಗದಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಎಂಬ ಗುಂಡಿ ಇರುತ್ತದೆ. ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಬದಲಾಗುತ್ತದೆ. ಹೊಸ ಬಯಾಸ್ ಫೈಲನ್ನು ಪೆನ್ ಡ್ರೈವಿಗೆ ಹಾಕಿ, ಅವರು ಹೇಳಿದ ಹೆಸರಿಟ್ಟು, ಗುರುತು ಮಾಡಿದ ಯುಎಸ್‌ಬಿ ತೂತಿಗೆ ಸಿಕ್ಕಿಸಿ, ಗುಂಡಿ ಒತ್ತಿದರೆ ಆಯಿತು. ಪ್ರೊಸೆಸರ್ ಬೇಡ, ರ‍್ಯಾಮ್ ಬೇಡ, ಎಸ್‌ಎಂಪಿಎಸ್ ಒಂದಿದ್ದರೆ ಸಾಕು. ಎರಡು ಬೋರ್ಡುಗಳ ನಡುವೆ ಯಾವುದು ಎಂದು ತೂಗಿ ನೋಡುವಾಗ, ಬಣ್ಣದ ಲೈಟಿಗಿಂತ ಈ ಗುಂಡಿ ಇರುವುದನ್ನು ಆರಿಸಿ ಎಂದು ನಾನು ಒತ್ತಾಯ ಮಾಡಿ ಹೇಳುತ್ತೇನೆ. ಪ್ರತಿ ಬೋರ್ಡಿನ ಕಂಪನಿ ವೆಬ್‌ಸೈಟಿನಲ್ಲೂ ಅದು ಒಪ್ಪುವ ಪ್ರೊಸೆಸರ್‌ಗಳ ಪಟ್ಟಿ ಇರುತ್ತದೆ. ಪ್ರತಿ ಹೆಸರಿನ ಮುಂದೆ ಯಾವ ಬಯಾಸ್ ಆವೃತ್ತಿಯಿಂದ ಎಂದು ಬರೆದಿರುತ್ತಾರೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಎಷ್ಟೋ ಬೋರ್ಡುಗಳ ಡಬ್ಬದ ಮೇಲೆ ಅಥವಾ ಬಯಾಸ್ ಚಿಪ್ಪಿನ ಮೇಲೆ ಒಳಗಿರುವ ಆವೃತ್ತಿಯ ಸ್ಟಿಕ್ಕರ್ ಅಂಟಿಸಿರುತ್ತಾರೆ.

ಅದೇ ಪುಟದಲ್ಲಿರುವಾಗ ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರವನ್ನೂ ನೋಡಿ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಎಎಂಡಿಯ ರೈಜೆನ್ 5000 ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಜಿ ಇದ್ದರೆ ಮಾತ್ರ ಗ್ರಾಫಿಕ್ಸ್ ಇದೆ. ಗ್ರಾಫಿಕ್ಸ್ ಕಾರ್ಡ್ ಆಮೇಲೆ ತಗೊಂಡರಾಯಿತು ಎಂದು ಎಫ್ ಅಕ್ಷರದ ಪ್ರೊಸೆಸರ್ ತಂದವರು ಎಲ್ಲ ಜೋಡಿಸಿ, ಬೋರ್ಡಿನ ಎಚ್‌ಡಿಎಂಐ ತೂತಿಗೆ ಮಾನಿಟರ್ ಸಿಕ್ಕಿಸಿ ಕಾಯುತ್ತಾರೆ. ತೂತು ಇದೆ, ಅದರ ಹಿಂದೆ ಚಿತ್ರ ಕಳಿಸುವವರೇ ಇಲ್ಲ.

ಈಗ ರ‍್ಯಾಮ್. ಅದರ ಎರಡು ತಲೆಮಾರುಗಳಾದ ಡಿಡಿಆರ್4, ಡಿಡಿಆರ್5 ಎರಡರಲ್ಲೂ 288 ಪಿನ್ ಇವೆ. ಆದರೆ ನಡುವಿನ ಕಚ್ಚನ್ನು ಬೇಕೆಂದೇ ಬೇರೆ ಜಾಗದಲ್ಲಿ ಇಟ್ಟಿದ್ದಾರೆ. ತಪ್ಪು ಮಾಡಲು ಹೋದರೆ ಕಚ್ಚು ತಡೆಯುತ್ತದೆ. ಅದು ಒಪ್ಪಂದದ ಒಳ್ಳೆಯ ಗುಣ. ಗೊಂದಲ ಇರುವುದು ಬೋರ್ಡ್ ಆರಿಸುವಾಗ. ಎಎಂ5 ಅಂದರೆ ಡಿಡಿಆರ್5 ಮಾತ್ರ. ಎಲ್‌ಜಿಎ 1700 ಪ್ರೊಸೆಸರ್‌ಗಳು ಎರಡನ್ನೂ ಒಪ್ಪುತ್ತವೆ. ಬೋರ್ಡುಗಳಲ್ಲಿ ಕೆಲವು ಡಿಡಿಆರ್4, ಕೆಲವು ಡಿಡಿಆರ್5. ಚಿಪ್‌ಸೆಟ್ ಒಂದೇ, ಹೆಸರೂ ಹತ್ತಿರ ಹತ್ತಿರ, ಕೊನೆಯ ಒಂದೆರಡು ಅಕ್ಷರದಲ್ಲಿ ವ್ಯತ್ಯಾಸ. ಪೂರ್ತಿ ಹೆಸರು ಓದಿ.

ಕಚ್ಚು ಕೂಡ ಕಾಪಾಡದ ಒಂದು ಜಾಗ ಇದೆ. ಸರ್ವರ್‌ಗಳಿಂದ ತೆಗೆದ ರಿಜಿಸ್ಟರ್ಡ್ ಡಿಡಿಆರ್4 ರ‍್ಯಾಮ್ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಮನೆಯ ಬೋರ್ಡಿನ ಸ್ಲಾಟಿನಲ್ಲಿ ಸರಿಯಾಗಿ ಕೂರುತ್ತದೆ. ಸಾಮಾನ್ಯ ಡೆಸ್ಕ್‌ಟಾಪ್ ಅದನ್ನು ಒಪ್ಪುವುದಿಲ್ಲ, ಆನ್ ಆಗುವುದೇ ಇಲ್ಲ.

ವೇಗದ ವಿಷಯವನ್ನೂ ಹೇಳಬೇಕು. ನಾಲ್ಕು ಸ್ಲಾಟ್ ಇದೆ ಅಂದಮೇಲೆ ನಾಲ್ಕನ್ನೂ ತುಂಬಿಸಬಹುದು ಎಂದು ಅನಿಸುತ್ತದೆ. ಡಿಡಿಆರ್5 ಕಾಲದಲ್ಲಿ ಸ್ವಲ್ಪ ನಿಲ್ಲಿ. ರೈಜೆನ್ 7000ಕ್ಕೆ ಎಎಂಡಿ ಕೊಟ್ಟಿರುವ ಅಧಿಕೃತ ವೇಗ ಎರಡು ಸ್ಟಿಕ್ ಇದ್ದರೆ 5200, ನಾಲ್ಕು ಇದ್ದರೆ 3600. ಇದಕ್ಕಿಂತ ಜಾಸ್ತಿ ಓಡಿಸುವವರು ಇದ್ದಾರೆ, ಆದರೆ ಅದಕ್ಕೆ ಭರವಸೆ ಇಲ್ಲ. ಹಾಗಾಗಿ 32 ಜಿಬಿ ಬೇಕಿದ್ದರೆ 16ರ ಎರಡು ಸ್ಟಿಕ್ ಇರುವ ಒಂದೇ ಕಿಟ್ ಕೊಳ್ಳಿ. ನಾಲ್ಕು ಸ್ಲಾಟ್ ಇರುವ ಹೆಚ್ಚಿನ ಬೋರ್ಡುಗಳಲ್ಲಿ ಆ ಎರಡನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಆಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡದಿದ್ದರೆ ಪೊಟ್ಟಣದ ಮೇಲೆ ಬರೆದ ವೇಗ ಪೊಟ್ಟಣದ ಮೇಲೆಯೇ ಉಳಿಯುತ್ತದೆ.

ಕ್ಯಾಬಿನೆಟ್ ವಿಷಯದಲ್ಲಿ ಒಂದು ಟೇಪು ಮತ್ತು ತಾಳ್ಮೆ ಸಾಕು. ಬೋರ್ಡಿನ ಅಳತೆಗೆ ಒಪ್ಪಂದ ಇದೆ: ಎಟಿಎಕ್ಸ್ 305 x 244 ಮಿ.ಮೀ., ಮೈಕ್ರೋ ಎಟಿಎಕ್ಸ್ ಹೆಚ್ಚೆಂದರೆ 244 x 244, ಮಿನಿ ಐಟಿಎಕ್ಸ್ 170 x 170. ಗ್ರಾಫಿಕ್ಸ್ ಕಾರ್ಡ್ ಎಷ್ಟು ಉದ್ದ ಇರಬೇಕು, ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ಎಷ್ಟು ಎತ್ತರ ಇರಬೇಕು ಎನ್ನುವುದನ್ನು ಮಾತ್ರ ಕಂಪನಿಗಳು ತಮಗೆ ಬೇಕಾದಂತೆ ಮಾಡುತ್ತವೆ. 300 ಮಿ.ಮೀ. ದಾಟಿದ ಕಾರ್ಡುಗಳು ಈಗ ಸಾಮಾನ್ಯ. ದೊಡ್ಡ ಏರ್ ಕೂಲರ್‌ಗಳು 160 ಮಿ.ಮೀ. ಆಚೆ ಈಚೆ ಇರುತ್ತವೆ. ಕ್ಯಾಬಿನೆಟ್ಟಿನ ವಿವರದಲ್ಲಿ ಕಾರ್ಡಿಗೆ ಇಷ್ಟು, ಕೂಲರ್‌ಗೆ ಇಷ್ಟು ಜಾಗ ಎಂದು ಕೊಟ್ಟಿರುತ್ತಾರೆ. ಆದರೆ ಕಾರ್ಡಿಗೆ ಹೇಳಿದ ಜಾಗ ಮುಂದೆ ರೇಡಿಯೇಟರ್ ಇಲ್ಲದಿದ್ದಾಗಿನ ಲೆಕ್ಕ ಇರಬಹುದು. ಮುಂದೆ ವಾಟರ್ ಕೂಲರಿನ ರೇಡಿಯೇಟರ್, ಅದರ ಮೇಲೆ ಫ್ಯಾನ್ ಹಾಕಿದರೆ ಐವತ್ತು ಮಿ.ಮೀ.ಗೂ ಜಾಸ್ತಿ ಜಾಗ ಹೋಗುತ್ತದೆ. ಕಾಗದದ ಮೇಲೆ ಕೂಡಿ ಕಳೆದು ನೋಡಿ.

ಕೂಲರ್ ಬಗ್ಗೆ ಒಂದು ಮಾತು. ಹಳೆಯ ಒಳ್ಳೆಯ ಕೂಲರನ್ನು ಹೊಸದಕ್ಕೆ ಹಾಕೋಣ ಎಂದು ಎಲ್ಲರಿಗೂ ಅನಿಸುತ್ತದೆ, ತಪ್ಪೇನಿಲ್ಲ. ಇಂಟೆಲ್‌ನ ಎಲ್‌ಜಿಎ 1200 ಬೋರ್ಡಿನಲ್ಲಿ ಕೂಲರ್ ತೂತುಗಳ ನಡುವೆ 75 ಮಿ.ಮೀ. ಅಂತರ. ಎಲ್‌ಜಿಎ 1700ರಲ್ಲಿ 78. ಮೂರೇ ಮೂರು ಮಿಲಿಮೀಟರ್, ಆದರೂ ಹೊಸ ಬ್ರಾಕೆಟ್ ಬೇಕು. ಎಎಂ4ರಿಂದ ಎಎಂ5ಗೆ ಹೋಗುವಾಗ ಎಎಂಡಿ ತೂತುಗಳ ಜಾಗ ಬದಲಿಸಲಿಲ್ಲ. ಬೋರ್ಡಿನ ಹಿಂಬದಿಗೆ ಹಾಕಿ ಬಂದಿರುವ ಲೋಹದ ಪಟ್ಟಿಯನ್ನೇ ಬಳಸುವ ಹೆಚ್ಚಿನ ಎಎಂ4 ಕೂಲರ್‌ಗಳು ಹಾಗೇ ಕೂರುತ್ತವೆ. ಆ ಪಟ್ಟಿ ತೆಗೆದು ತನ್ನದೇ ಪಟ್ಟಿ ಹಾಕುವ ಕೂಲರ್‌ಗಳು ಕೂರುವುದಿಲ್ಲ, ಯಾಕೆಂದರೆ ಎಎಂ5ರಲ್ಲಿ ಸಾಕೆಟ್ಟನ್ನು ಹಿಡಿದಿರುವುದೇ ಆ ಪಟ್ಟಿ.

ಕೂಲರ್ ಮತ್ತು ಎಸ್‌ಎಂಪಿಎಸ್ ಎರಡನ್ನೂ ಆರಿಸಲು ಪ್ರೊಸೆಸರ್ ಎಷ್ಟು ವಾಟ್ ಎಳೆಯುತ್ತದೆ ಎಂದು ತಿಳಿಯಬೇಕು. ಡಬ್ಬದ ಮೇಲಿನ ಸಂಖ್ಯೆ ಪೂರ್ತಿ ಕಥೆ ಹೇಳುವುದಿಲ್ಲ. ಇಂಟೆಲ್ ಕೋರ್ ಐ9 13900ಕೆ ಮೇಲೆ 125 ವಾಟ್ ಎಂದಿದೆ, ಗರಿಷ್ಠ 253 ವಾಟ್ ಎಂದು ಇಂಟೆಲ್ಲೇ ಬರೆಯುತ್ತದೆ. ಎಎಂ5ರಲ್ಲಿ 170 ವಾಟ್ ಎಂದಿರುವ ಪ್ರೊಸೆಸರ್ 230 ವಾಟ್ ವರೆಗೆ ಎಳೆಯಬಹುದು. 65 ಎಂದಿದ್ದರೆ 88. ಲೆಕ್ಕವನ್ನು ದೊಡ್ಡ ಸಂಖ್ಯೆಯಿಂದ ಮಾಡಿ. ಗ್ರಾಫಿಕ್ಸ್ ಕಾರ್ಡಿನ ವಾಟ್ ಸೇರಿಸಿ. ಉಳಿದ ಫ್ಯಾನು, ಡಿಸ್ಕು, ಬೋರ್ಡಿಗೆ ಸ್ವಲ್ಪ ಇಡಿ. ಆಮೇಲೆ ಧಾರಾಳವಾಗಿ ಜಾಗ ಬಿಡಿ, ಯಾಕೆಂದರೆ ಇವತ್ತಿನ ಕಾರ್ಡುಗಳು ಕ್ಷಣಮಾತ್ರ ತಮ್ಮ ಮಿತಿಗಿಂತ ತುಂಬಾ ಮೇಲೆ ಹಾರುತ್ತವೆ. ಗ್ರಾಫಿಕ್ಸ್ ಕಾರ್ಡಿನ ಕಂಪನಿ ಇಷ್ಟು ವಾಟಿನ ಎಸ್‌ಎಂಪಿಎಸ್ ಬೇಕು ಎಂದು ಹೇಳಿರುತ್ತದೆ, ಅದಕ್ಕಿಂತ ಕಡಿಮೆಗೆ ಹೋಗಬೇಡಿ. 80 ಪ್ಲಸ್ ಬ್ರಾಂಜ್, ಗೋಲ್ಡ್ ಎನ್ನುವುದು ಎಷ್ಟು ಕರೆಂಟ್ ವ್ಯರ್ಥವಾಗದೆ ಒಳಗೆ ತಲುಪುತ್ತದೆ ಎನ್ನುವುದರ ಗುರುತು. ಅದು ಪೂರ್ತಿ ಗುಣಮಟ್ಟದ ಮುದ್ರೆ ಅಲ್ಲ. ನಂಬಿಕೆಯ ವಿಮರ್ಶೆಗಳನ್ನೂ ಓದಿ.

ವಾಟ್ ಸರಿ ಇದ್ದರೂ ಪ್ಲಗ್ ಸರಿ ಇರಬೇಕು. ಕಾರ್ಡಿಗೆ ಸ್ಲಾಟಿನಿಂದಲೇ 75 ವಾಟ್ ಸಿಗುತ್ತದೆ. 8 ಪಿನ್ನಿನ ಒಂದೊಂದು ಪ್ಲಗ್ಗಿನಿಂದ 150. ಹೊಸ 16 ಪಿನ್ನಿನ ಪ್ಲಗ್ 600 ವಾಟ್ ವರೆಗೆ ಕೊಡುತ್ತದೆ. ಇದನ್ನು ಪೂರ್ತಿ ಒಳಗೆ ತಳ್ಳದೆ ಅರ್ಧ ಬಿಟ್ಟವರ ಕಾರ್ಡುಗಳಲ್ಲಿ ಪ್ಲಗ್ ಕರಗಿದ ಉದಾಹರಣೆಗಳಿವೆ. ಕೊನೆಯವರೆಗೂ ತಳ್ಳಿ, ಬಗ್ಗಿ ಕಣ್ಣಿಂದ ನೋಡಿ, ಪ್ಲಗ್ಗಿನ ಬುಡದಲ್ಲೇ ಕೇಬಲ್ ಮಡಚಬೇಡಿ. ಪ್ರೊಸೆಸರಿಗೆ ಹೋಗುವ 8 ಪಿನ್ ಮತ್ತು ಕಾರ್ಡಿಗೆ ಹೋಗುವ 8 ಪಿನ್ ನೋಡಲು ಅಣ್ಣತಮ್ಮಂದಿರ ಹಾಗಿವೆ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಒಂದರಲ್ಲಿ ಇದ್ದದ್ದಕ್ಕೆ ಇನ್ನೊಂದರಲ್ಲಿ ತಿರುವುಮುರುವು. ಪಿನ್ನಿನ ಆಕಾರ ತಡೆಯುತ್ತದೆ. ತಡೆದಾಗ ಬಲ ಹಾಕಬೇಡಿ. ಇನ್ನು ಮಾಡ್ಯುಲರ್ ಕೇಬಲ್ ಬಗ್ಗೆ ಮತ್ತೆ ಹೇಳುವುದಿಲ್ಲ, ಆ ಎಸ್‌ಎಂಪಿಎಸ್ ಜೊತೆ ಬಂದದ್ದು ಅದಕ್ಕೇ.

ಎಂ.2 ಎಸ್‌ಎಸ್‌ಡಿಯಲ್ಲೂ ಕೂರುವುದಕ್ಕೂ ಹೊಂದುವುದಕ್ಕೂ ಅಂತರ ಇದೆ. ಎಂ.2 ಎನ್ನುವುದು ಆಕಾರದ ಹೆಸರು. ಬೋರ್ಡಿನ ಜೊತೆ ಅದು ಮಾತಾಡುವ ಬಗೆ ಹಳೆಯ ಸಾಟಾ ಇರಬಹುದು, ಅದಕ್ಕಿಂತ ವೇಗದ ಎನ್‌ವಿಎಂಇ ಇರಬಹುದು. ಎನ್‌ವಿಎಂಇ ಮಾತ್ರ ಓದುವ ಸ್ಲಾಟಿನಲ್ಲಿ ಸಾಟಾ ಎಂ.2 ಇಟ್ಟರೆ ಕೂರುತ್ತದೆ, ಕಾಣುವುದಿಲ್ಲ. ಕೆಲವು ಬೋರ್ಡುಗಳಲ್ಲಿ ಎರಡನೆಯ ಎಂ.2 ಸ್ಲಾಟಿಗೆ ಡ್ರೈವ್ ಹಾಕಿದರೆ ಒಂದೆರಡು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತವೆ, ಯಾಕೆಂದರೆ ಇಬ್ಬರಿಗೂ ದಾರಿ ಒಂದೇ. ಮ್ಯಾನುವಲ್ಲಿನಲ್ಲಿ ಚಿಕ್ಕ ಅಕ್ಷರದಲ್ಲಿ ಇದನ್ನು ಬರೆದಿರುತ್ತಾರೆ.

ಗ್ರಾಫಿಕ್ಸ್ ಕಾರ್ಡಿನಂಥವು ಕೂರುವ ಪಿಸಿಐಇ ಸ್ಲಾಟ್ ಮಾತ್ರ ನನಗೆ ತುಂಬಾ ಇಷ್ಟವಾದ ಒಪ್ಪಂದ. ಹೊಸ ಕಾರ್ಡ್ ಹಳೆಯ ಸ್ಲಾಟಿನಲ್ಲಿ, ಹಳೆಯ ಕಾರ್ಡ್ ಹೊಸ ಸ್ಲಾಟಿನಲ್ಲಿ, ಎರಡೂ ನಡೆಯುತ್ತದೆ. ಇಬ್ಬರಲ್ಲಿ ನಿಧಾನದವನ ವೇಗಕ್ಕೆ ಇಬ್ಬರೂ ಇಳಿಯುತ್ತಾರೆ ಅಷ್ಟೇ. ಅದರಿಂದ ನಷ್ಟ ಸಾಮಾನ್ಯವಾಗಿ ಕಡಿಮೆ. ಆದರೆ 2022ರಲ್ಲಿ ಬಂದ ಎಎಂಡಿ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿಗೆ 16ರ ಬದಲು ನಾಲ್ಕೇ ಲೇನ್, ಅಂದರೆ ಮಾಹಿತಿ ಓಡಾಡುವ ದಾರಿಗಳು, ಇದ್ದವು. ಪಿಸಿಐಇ 4 ಬೋರ್ಡಿನಲ್ಲಿ ಪರವಾಗಿಲ್ಲ. ಪಿಸಿಐಇ 3 ಬೋರ್ಡಿನಲ್ಲಿ ಅದೇ ನಾಲ್ಕು ಲೇನ್‌ಗಳ ವೇಗ ಅರ್ಧಕ್ಕೆ ಇಳಿದು ಗೇಮ್‌ಗಳು ಎಡವಿದವು. ಅಂಥ ಅಗ್ಗದ ಕಾರ್ಡ್ ಕೊಳ್ಳುವವರ ಹತ್ತಿರ ಇರುವುದು ಹಳೆಯ ಬೋರ್ಡೇ. ಇದು ನನಗೆ ಇವತ್ತಿಗೂ ಬೇಸರ ತರುತ್ತದೆ.

ಬಣ್ಣದ ಲೈಟುಗಳ ಬಗ್ಗೆ ಒಂದೇ ವಾಕ್ಯ: ಮೂರು ಪಿನ್ನಿನದು 5 ವೋಲ್ಟ್, ನಾಲ್ಕು ಪಿನ್ನಿನದು 12 ವೋಲ್ಟ್, 5 ವೋಲ್ಟಿನ ಲೈಟನ್ನು 12 ವೋಲ್ಟಿಗೆ ಸಿಕ್ಕಿಸಿದರೆ ಲೈಟು ಸುಡುತ್ತದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

"ಸರ್, ಪಿಸಿಪಾರ್ಟ್‌ಪಿಕ್ಕರ್ ಥರದ ಸೈಟ್‌ಗಳು ಇದನ್ನೆಲ್ಲ ಅವೇ ನೋಡಿ ಹೇಳುತ್ತವಲ್ಲ, ನಾವು ಇಷ್ಟು ಓದಬೇಕಾ?" ಎಂದು ಒಬ್ಬ ಹುಡುಗಿ ಕೇಳಿದಳು. ಖಂಡಿತ ಬಳಸಮ್ಮ ಎಂದೆ. ನಾನೂ ಬಳಸುತ್ತೇನೆ. ಸಾಕೆಟ್, ರ‍್ಯಾಮ್ ಬಗೆ, ಕಾರ್ಡಿನ ಉದ್ದ, ವಾಟ್ ಇವುಗಳಲ್ಲಿನ ತಪ್ಪನ್ನು ಅದು ತಕ್ಷಣ ಹಿಡಿಯುತ್ತದೆ. ಬಯಾಸ್ ಅಪ್‌ಡೇಟ್ ಬೇಕಾಗಬಹುದು ಎಂದೂ ಎಚ್ಚರಿಸುತ್ತದೆ. ಆದರೆ ನಿನ್ನ ಕೈಗೆ ಬಂದ ಡಬ್ಬದಲ್ಲಿರುವ ಬೋರ್ಡಿನಲ್ಲಿ ಯಾವ ಬಯಾಸ್ ಇದೆ ಎಂದು ಅದಕ್ಕೆ ಗೊತ್ತಿಲ್ಲ. ನೀನು ಹಳೆಯ ಕೇಬಲ್ ಬಳಸಲು ಹೊರಟಿದ್ದೀಯ ಎಂದೂ ಗೊತ್ತಿಲ್ಲ. ಪಟ್ಟಿ ಅಲ್ಲಿ ಮಾಡು. ಆಮೇಲೆ ಬೋರ್ಡಿನ ಮ್ಯಾನುವಲ್ಲನ್ನು ಕೊಳ್ಳುವ ಮೊದಲೇ ಡೌನ್‌ಲೋಡ್ ಮಾಡಿ, ಒಂದು ಸಂಜೆ ಕೂತು ಓದು.

ಇನ್ನೊಬ್ಬರು ಹಿರಿಯರು. ಮಗನ ಜೊತೆ ಎಎಂ5 ಕಂಪ್ಯೂಟರ್ ಜೋಡಿಸಿದ್ದಾರೆ. "ಎಲ್ಲ ಪಟ್ಟಿಯ ಪ್ರಕಾರವೇ ತಂದೆವು. ಆನ್ ಮಾಡಿದರೆ ಫ್ಯಾನ್ ತಿರುಗಿತು, ಪರದೆ ಕಪ್ಪು. ಅರ್ಧ ನಿಮಿಷ ನೋಡಿ ಹೆದರಿ ಆಫ್ ಮಾಡಿದೆವು. ನಾಲ್ಕು ಸಲ ಹಾಗೇ ಆಯಿತು. ಈಗ ಎಲ್ಲ ಬಿಚ್ಚಿಟ್ಟಿದ್ದೇವೆ," ಎಂದರು.

ಅವರ ಭಾಗಗಳ ಪಟ್ಟಿ ನೋಡಿದೆ. ಒಂದಕ್ಕೊಂದು ಚೆನ್ನಾಗಿ ಹೊಂದುವ ಭಾಗಗಳೇ. ಸರ್, ಡಿಡಿಆರ್5 ಬೋರ್ಡ್ ಮೊದಲ ಸಲ ಆನ್ ಆದಾಗ ರ‍್ಯಾಮಿನ ಜೊತೆ ಹೇಗೆ ಮಾತಾಡಬೇಕು ಎಂದು ತಾನೇ ಪರೀಕ್ಷೆ ಮಾಡಿಕೊಂಡು ಕಲಿಯುತ್ತದೆ, ಅದಕ್ಕೆ ಎಷ್ಟೋ ನಿಮಿಷ ಹಿಡಿಯಬಹುದು, ಅಲ್ಲಿಯವರೆಗೆ ಪರದೆ ಕಪ್ಪಾಗಿಯೇ ಇರುತ್ತದೆ ಎಂದೆ. ನೀವು ಪ್ರತಿ ಸಲವೂ ಅದು ಕಲಿಯುತ್ತಿರುವಾಗಲೇ ಆಫ್ ಮಾಡಿರಬಹುದು. ಮತ್ತೆ ಜೋಡಿಸಿ, ಸ್ವಿಚ್ ಒತ್ತಿ, ಕಾಲು ಗಂಟೆ ಮುಟ್ಟದೆ ಬಿಡಿ.

ಆ ರಾತ್ರಿ ಅವರ ಮಗನಿಂದ ಒಂದು ಫೋಟೋ ಬಂತು. ಬಯಾಸ್ ಪರದೆ, ಅದರ ಮುಂದೆ ಅಪ್ಪನ ಕೈ.